ಆನೆಮರಿಯ ಕ್ಯಾಸೆಟ್ಟು

ಲಷ್ಕರ್ ಮೊಹಲ್ಲಾದಲ್ಲಿ ಈಗ ಮೊಬೈಲ್ ಅಂಗಡಿ ಇರುವ ಕಡೆ ಮೊದಲು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವವರೊಬ್ಬರಿದ್ದರು. ಮಕ್ಕಳ ಸಿನಿಮಾ ಆದರೆ ತಾವು ಪೂರ್ತಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. "ಮೀಸೆ ಹಣ್ಣಾದ್ರೂ ಬೊಂಬೆಯಾಟ ಬೇಕೇನ್ರೀ?" ಅಂತ ನಾನು ರೇಗಿಸುತ್ತಿದ್ದೆ. ಅವರು ಕ್ಯಾಸೆಟ್ಟನ್ನು ಅಂಗಿಗೆ ಒರೆಸಿ ಕೊಡುತ್ತಾ ಒಂದೇ ಮಾತು ಹೇಳುತ್ತಿದ್ದರು: "ಹಿಂದಕ್ಕೆ ಸುತ್ತಿ ತಂದ್ಕೊಡಿ."

ನನ್ನ ಹೆಂಡತಿ ಆಪರೇಷನ್‌ಗೆ ಆಸ್ಪತ್ರೆ ಸೇರಿದಾಗ ಮಗಳನ್ನು ಆ ಕ್ಯಾಸೆಟ್ ಅಂಗಡಿಗೆ ಕರೆದುಕೊಂಡು ಹೋದೆ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು, ವೆಲ್ಡಿಂಗ್ ಮಾಡಿ ಮನೆ ನಡೆಸಿದವನು ನಾನು. ಕಷ್ಟ ಹೇಳಿಕೊಂಡು ಅಭ್ಯಾಸವಿಲ್ಲ. ಮಗಳೇ ಹೇಳಿಬಿಟ್ಟಳು: "ಅಮ್ಮ ಆಸ್ಪತ್ರೇಲವ್ಳೆ. ಆನೆಮರಿ ಸಿನಿಮಾ ಕೊಡಿ ಮಾಮ."

ಅವರು ಟಿವಿಯನ್ನು ಅವಳಿಗೆ ಕಾಣದ ಹಾಗೆ ತಿರುಗಿಸಿ, ಕ್ಯಾಸೆಟ್ಟನ್ನು ಸ್ವಲ್ಪ ಮುಂದಕ್ಕೆ ಓಡಿಸಿ ತೆಗೆದರು. "ತಾಯಾನೆ ಸಾಯೋದು ಮೊದ್ಲಲ್ಲೇ ಬರ್ತದೆ, ದಾಟ್ಸಿದೀನಿ. ಇದೊಂದನ್ನ ಪೂರ್ತಿ ಹಿಂದಕ್ಕೆ ಸುತ್ಬೇಡಿ ಕಣ್ರೀ," ಅಂತ ನನ್ನ ಕಿವಿಯಲ್ಲಿ ಹೇಳಿದರು.

ಹೆಂಡತಿ ಹುಷಾರಾಗಿ ಮನೆಗೆ ಬಂದ ಮೇಲೆ ಕ್ಯಾಸೆಟ್ ವಾಪಸ್ ಕೊಡಲು ಹೋದೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಪೂರ್ತಿ ಹಿಂದಕ್ಕೆ ಸುತ್ತಿ, ಅಂಗಿಗೆ ಒರೆಸಿ, ಮತ್ತೆ ನನ್ನ ಕೈಗೇ ಇಟ್ಟರು. "ಇನ್ನು ಮೊದ್ಲಿಂದ ನೋಡ್ಲಿ ಬುಡಿ."

ಮಗಳು ಅಮ್ಮನ ಮಗ್ಗುಲಲ್ಲಿ ಕೂತು ನೋಡಿದಳು. ತಾಯಾನೆ ಬಿದ್ದಾಗ ಅತ್ತಳು. ತಿರುಗಿ ಅಮ್ಮನ ಕೆನ್ನೆ ಮುಟ್ಟಿ ನೋಡಿ, ಮತ್ತೆ ಟಿವಿ ಕಡೆಗೆ ತಿರುಗಿದಳು.