ಬಾಗಿಲಿಲ್ಲದ ಮನೆಗೆ ಬಂದ ಸಿಪಾಯಿ

ನಮ್ಮ ಅವ್ವಿಯ ಹಟ ಅಂದರೆ ಹಟ. ಬ್ರಿಟಿಷರಿಗೆ ಕರ ಕೊಡುವುದಿಲ್ಲವೆಂದು ಅಪ್ಪ ಜೈಲಿಗೆ ಹೋದಾಗ ಜಪ್ತಿಗೆ ಬಂದವರು ಶೆಟಗೇರಿಯ ನಮ್ಮ ಮನೆಯ ಹಂಡೆ, ಕೊಡಗಳ ಜೊತೆ ಎದುರುಬಾಗಿಲನ್ನೂ ಕಿತ್ತು ಗಾಡಿಗೆ ಹೇರಿದ್ದರು. ಅಪ್ಪ ಜೈಲಿನಿಂದ ಕೆಮ್ಮು ತಂದರು, ಅದರಲ್ಲೇ ಹೋದರು. ಆಮೇಲೆ ಐದಾರು ಮಳೆಗಾಲ ಅವ್ವಿ ಬಾಗಿಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಕೊಂಡೇ ಕಳೆದಳು. ಕಾರವಾರದಲ್ಲಿ ಮಾಸ್ತರನಾಗಿದ್ದ ನಾನು ಹೊಸ ಬಾಗಿಲು ಮಾಡಿಸುತ್ತೇನೆಂದರೆ, "ಹೊತ್ಕಂಡು ಹೋದವ್ರೇ ತಂದು ನಿಲ್ಸಲಿ, ನೀ ಸುಮ್ನಿರು" ಎನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಳೆಯ ಎರಚಲಿಗೆ ಅವಳಿಗೂ ಕೆಮ್ಮು ಹತ್ತಿತ್ತು. ಅಪ್ಪನದೇ ಕೆಮ್ಮು. ಇವಳನ್ನೂ ಕಳೆದುಕೊಳ್ಳುತ್ತೇನೆಂಬ ಹೆದರಿಕೆ ನನಗೆ.

ಮೂವತ್ತರ ದಶಕ ಮುಗಿಯುತ್ತ ಬಂದಾಗ ಅಮೆರಿಕದ ಸೈನ್ಯದ ಅಧಿಕಾರಿಯೊಬ್ಬರು ಆಗಬೋಟಿನಿಂದ ಕಾರವಾರದ ಬಂದರಿನಲ್ಲಿ ಇಳಿದರು. ಚೀನಾದಲ್ಲಿ ಜಪಾನೀಯರ ವಿರುದ್ಧ ಕಾದಾಡುತ್ತಿದ್ದ ರೈತರ ದಂಡಿನ ಜೊತೆ ತಿಂಗಳುಗಟ್ಟಲೆ ನಡೆದವರಂತೆ. ಕರ ಕೊಡದ ರೈತರನ್ನು ನೋಡಬೇಕೆಂದರು. ಇಂಗ್ಲಿಷ್ ಬರುತ್ತದೆಂದು ನನ್ನನ್ನು ಹಿಡಿದರು. ಅಂಕೋಲೆಯವರೆಗೆ ಬಸ್ಸು, ಮುಂದೆ ಶೆಟಗೇರಿಗೆ ನಡಿಗೆ. ತಮ್ಮ ಸಾಮಾನಿನ ಗಂಟನ್ನು ತಾವೇ ಹೊತ್ತರು, ನನಗೆ ಮುಟ್ಟಲೂ ಬಿಡಲಿಲ್ಲ, ಪುಣ್ಯಾತ್ಮ.

ಬಿಳಿ ಮುಖ ಕಂಡದ್ದೇ ಅವ್ವಿ ಒಳಗೆ ಹೋದಳು. ಬಂದವರಿಗೆ ಬೆಲ್ಲ, ನೀರು ಕೊಡದ ಮನೆ ನಮ್ಮಲ್ಲಿ ಉಂಟೇ? ನಾಚಿಕೆಯಾಗಿ ನಾನೇ ತಂದುಕೊಟ್ಟೆ. ಖಾಲಿ ಚೌಕಟ್ಟು ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಎದ್ದು ಹೋಗಿ ಚೌಕಟ್ಟಿನ ಮೇಲೆ ಕೈಯಾಡಿಸಿದರು. ಚೀನಾದ ಆ ಸಿಪಾಯಿಗಳು ರೈತರನ್ನು ಕೇಳಿ ಮನೆಬಾಗಿಲನ್ನು ಕಳಚಿ ನೆಲಕ್ಕೆ ಹಾಸಿ ಅದರ ಮೇಲೆ ಮಲಗುತ್ತಾರಂತೆ. ಊರು ಬಿಡುವ ಮೊದಲು ಪ್ರತಿ ಬಾಗಿಲನ್ನೂ ಅದರದೇ ಚೌಕಟ್ಟಿಗೆ ಏರಿಸಲೇಬೇಕಂತೆ. "ನಾನೂ ಮಲಗಿದ್ದೇನೆ, ಏರಿಸಿದ್ದೇನೆ. ಸಿಪಾಯಿ ಹೇಗಿರಬೇಕೆಂದು ಅಲ್ಲಿ ಕಲಿತೆ" ಎಂದರು.

ಒಳಗೆ ಕೇಳಲೆಂದು ಅದನ್ನೆಲ್ಲ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ಅವ್ವಿ ಹೊರಬಂದಳು.

"ಖರೇನಾ? ತೆಗ್ದವ್ರೇ ತಿರ್ಗಿ ಹಾಕ್ತ್ರಾ?"

"ಹೌದಂತೆ."

"ಅಂವನೂ?"

"ಅವರೂ."

ಅವ್ವಿ ಒಳಗೆ ಹೋಗಿ ಗಂಜಿ ತಂದು ಬಡಿಸಿದಳು. ಅವರು ಜಗಲಿಯಲ್ಲಿ ಮಲಗಿದರು. ಬೆಳಿಗ್ಗೆ ಚಾಪೆ ಸುತ್ತಿಟ್ಟು, ಜಗಲಿ ಗುಡಿಸಿ, ತಂಬಿಗೆ ತೊಳೆದು ಅವಳ ಕೈಗೇ ಕೊಟ್ಟರು. "ಅಯ್ಯೋ, ನೀ ಗುಡಿಸೂದೆಂತಕೆ ಮಾರಾಯಾ!" ಎಂದಳು ಅವ್ವಿ.

ಆ ವರ್ಷ ಮಳೆ ಹಿಡಿಯುವ ಮೊದಲು ಅವಳೇ ಆಚಾರಿಯನ್ನು ಕರೆಸಿದಳು. ಹಲಸಿನ ಹಲಗೆಯ ಬಾಗಿಲು. ಸದ್ಯ, ಬದುಕಿದೆ ಅಂದುಕೊಂಡೆ ನಾನು. ಆಚಾರಿ ಬಿಜಾಗರಿಗೆ ಮೊಳೆ ಬಡಿಯಲು ಹೊರಟಾಗ ಅವ್ವಿ ಗದರಿದಳು:

"ಹಾಗೆ ಬಡೀಬೇಡ. ಎತ್ತಿ ತೆಗೂಕೆ ಬರೂ ಹಾಗೆ ಮಾಡು. ಆ ಸಿಪಾಯಿ ಮತ್ತೆ ಬಂದ್ರೆ ಮಲಗೂಕೆ ಎಂತಾ ಕೊಡೂದು?"