ನೀಲಿ ಮದುವೆಗೆ ಬಣ್ಣ ಬಂದದ್ದು

ಶಿರಾಲಿಯ ಹೆದ್ದಾರಿ ಬದಿಯ ಸಣ್ಣ ಅಂಗಡಿಯಲ್ಲಿ ಮಾದೇವಿ ರವಿಕೆ ಹೊಲಿಯುತ್ತಾಳೆ. ಅವಳ ತಮ್ಮ ಮಂಜು ಓಂ ಬೀಚಿನ ಗೆಸ್ಟ್ ಹೌಸಿನಲ್ಲಿ ಕೆಲಸಕ್ಕಿದ್ದಾನೆ. ಪ್ರವಾಸಿಯೊಬ್ಬ ಊರಿಗೆ ಹೊರಡುವಾಗ ಅಗ್ಗಕ್ಕೆ ಬಿಟ್ಟುಕೊಟ್ಟ ಕ್ಯಾಮೆರಾವನ್ನು ಅವನು ಅಕ್ಕನಿಗೆ ತಂದುಕೊಟ್ಟಿದ್ದ. ಹೊಲಿದ ರವಿಕೆಗಳ ಬೆನ್ನಿನ ಚಿತ್ತಾರವನ್ನು ಅದರಲ್ಲಿ ತೆಗೆದು ಸ್ಟೇಟಸ್ಸಿಗೆ ಹಾಕುವುದು ಮಾದೇವಿಗೆ ಹೊಸ ಹುಚ್ಚು.

ಹೋದ ಮೇ ತಿಂಗಳಲ್ಲಿ ಅವಳ ಅಕ್ಕನ ಮಗಳು ಅಂಕಿತಾಳ ಮದುವೆ. ಮುಹೂರ್ತ ಹತ್ತಿರ ಬಂದರೂ ಫೋಟೊದವನ ಸುಳಿವಿಲ್ಲ. ಫೋನ್ ಮಾಡಿದರೆ ಆತ ತಾರೀಖು ತಪ್ಪಿ ಬೇರೆ ಮದುವೆಗೆ ಹೋಗಿ ನಿಂತಿದ್ದ.

"ಚಿಕ್ಕಿ, ನಿನ್ನ ಕ್ಯಾಮೆರಾ ಉಂಟಲ್ಲ, ನೀನೇ ತೆಗೆ" ಎಂದಳು ಮದುಮಗಳು.

"ನಂಗೆ ಬೆನ್ನು ತೆಗೂಕೆ ಮಾತ್ರ ಬತ್ತದೆ ಮಗಾ."

"ಆತು, ಅದನ್ನೇ ಮುಂದಿಂದ ತೆಗೆ."

ಮಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೇಬಿಟ್ಟಳು. ಕುರ್ಚಿ ಹತ್ತಿದಳು, ಭಟ್ಟರನ್ನು ಪಕ್ಕಕ್ಕೆ ಸರಿಸಿದಳು, ಊಟದ ಪಂಕ್ತಿಯಲ್ಲಿ ಬಾಯಿ ತೆರೆದವರನ್ನೆಲ್ಲ ಹಿಡಿದಳು. ತಾನು ಉಣ್ಣುವುದನ್ನೇ ಮರೆತಳು.

ಮರುದಿನ ಬೆಳಿಗ್ಗೆ ಮಗಳು ಸ್ಮೃತಿಯ ಹಳೇ ಲ್ಯಾಪ್‌ಟಾಪಿನಲ್ಲಿ ಫೋಟೊ ತೆರೆದರೆ ಮದುವೆಗೆ ಮದುವೆಯೇ ನೀಲಿಯಾಗಿತ್ತು. ಅಂಗಳಕ್ಕೆ ಕಟ್ಟಿದ್ದು ನೀಲಿ ತಾಡಪಾಲು. ಬಿಸಿಲು ಅದರೊಳಗಿಂದ ಇಳಿದು ಮದುಮಗನಿಂದ ಹಿಡಿದು ಪಾಯಸದವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಮಾದೇವಿಯ ಹೊಟ್ಟೆ ಉರಿದದ್ದು ರವಿಕೆಗೆ. ಪೇಟೆ ಪೇಟೆ ಸುತ್ತಿ ನೂಲು ಹೊಂದಿಸಿ ಹೊಲಿದ ಮದುಮಗಳ ಅರಿಶಿನ ಬಣ್ಣದ ರವಿಕೆ ಪಾಚಿಯ ಹಾಗೆ ಹಸಿರಾಗಿತ್ತು.

"ಇದಕ್ಕೆ ಸಾಫ್ಟ್‌ವೇರ್ ಇರ್ತದೆ ಅಮ್ಮಾ" ಎಂದು ಸ್ಮೃತಿ ಹುಡುಕತೊಡಗಿದಳು.

ಮೊದಲು ಸಿಕ್ಕಿದ್ದು ದೊಡ್ಡ ಸ್ಟುಡಿಯೋದವರೆಲ್ಲ ಬಳಸುವಂಥದ್ದು. ಆದರೆ ತಿಂಗಳು ತಿಂಗಳು ಹಣ ಕಟ್ಟಬೇಕು. ಲಗೇಜ್ ರಿಕ್ಷಾ ತೊಳೆಯುತ್ತಿದ್ದ ಮಾದೇವಿಯ ಗಂಡ ಮಾಬ್ಲ ಅಲ್ಲಿಂದಲೇ ಕೇಳಿದ: "ಮನೆಗೆ ಬಾಡಿಗೆ ಕೊಡೂದು ಗೊತ್ತುಂಟು. ಬಣ್ಣಕ್ಕೂ ಬಾಡಿಗೆ ಎಂತಕೆ?"

ಮಾದೇವಿಗೂ ಅದು ಸರಿಯೆನಿಸಿತು. ಹೊಲಿಗೆ ಮಿಷನ್ನನ್ನು ಒಮ್ಮೆ ಕೊಂಡವಳು ಪ್ರತಿ ತಿಂಗಳು ಅದಕ್ಕೆ ಕಪ್ಪ ಕಟ್ಟುತ್ತಾಳೆಯೇ?

ಎರಡನೆಯದು ಮೊಬೈಲಿನದು, ಬಿಟ್ಟಿ. ಒಂದು ಸಲ ಮುಟ್ಟಿದರೆ ಸಾಕು, ಎಲ್ಲ ತಾನೇ ಮಾಡುತ್ತದೆ. ಸ್ಮೃತಿ ಮುಟ್ಟಿದಳು. ಅಂಕಿತಾಳ ಅಪ್ಪನ ತಾಯಿ ಬೆಳ್ಳಜ್ಜಿಯ ಸುಕ್ಕೆಲ್ಲ ಮಾಯವಾಗಿ ತುಟಿಗೆ ಗುಲಾಬಿ ರಂಗು ಬಂತು. ಮಾಬ್ಲನ ಮೀಸೆ ಅರ್ಧ ಅಳಿಸಿಹೋಯಿತು. ಸಾಲದೆಂಬಂತೆ ಮದುಮಗಳ ಹಣೆಯ ಮೇಲೆ ಆ ಕಂಪನಿಯ ಹೆಸರು ಅಡ್ಡಡ್ಡ ಕೂತಿತು.

"ನಾನು ಚಂದ ಕಾಣ್ತೆನಲ್ಲ, ಇದೇ ಇರ್ಲಿ" ಎಂದ ಮಾಬ್ಲ, ಬಂದು ಇಣುಕಿ ನೋಡಿ.

"ಇದು ಯಾರ ಗಂಡ ಅಂತ ಊರವ್ರು ಕೇಳ್ತ್ರು" ಎಂದು ಮಾದೇವಿ ಅದನ್ನು ಅಳಿಸಿಬಿಟ್ಟಳು.

ಮೂರನೆಯದಕ್ಕೆ ಹಣವೂ ಇಲ್ಲ, ಯಾರ ಹೆಸರೂ ಬೀಳುವುದಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಆದರೆ ತೆರೆದರೆ ಪರದೆಯ ತುಂಬ ಗುಂಡಿಗಳು. ಮಾದೇವಿ ಹೆದರಲಿಲ್ಲ, ಒಂದೊಂದನ್ನೇ ಒತ್ತಿದಳು. ಮದುಮಗ ತಲೆಕೆಳಗಾದ. ಇಡೀ ಮಂಟಪ ಸೊಟ್ಟಗಾಯಿತು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಕಣ್ಣಿಗೆ ಔಷಧಿ ಬಿಡುವ ನಳಿಗೆಯಂಥ ಚಿತ್ರವೊಂದು ಸಿಕ್ಕಿತು. ಅದರಿಂದ ಬಿಳಿಯಾಗಿರಬೇಕಾದ ವಸ್ತುವನ್ನು ಮುಟ್ಟಿದರೆ ಉಳಿದ ಬಣ್ಣಗಳೆಲ್ಲ ತಾವಾಗಿ ಸರಿಹೋಗುತ್ತವೆಂದು ಸ್ಮೃತಿ ಓದಿ ಹೇಳಿದಳು.

ಮಾದೇವಿ ಫೋಟೊದಲ್ಲಿದ್ದ ಗಂಡನ ಬಿಳಿ ಅಂಗಿಯನ್ನು ಮುಟ್ಟಿದಳು. ನೀಲಿ ಬೇಕಾದ್ದಕ್ಕಿಂತ ಹೆಚ್ಚೇ ಹೋಗಿ ಎಲ್ಲರಿಗೂ ಒಟ್ಟಿಗೆ ಕಾಮಾಲೆ ಹಿಡಿದಂತಾಯಿತು.

"ನಿಮ್ಮ ಅಂಗಿ ಬಿಳಿ ಅಲ್ವೇ ಅಲ್ಲ" ಎಂದಳು. "ಒಗೂವಾಗ ಅದಕ್ಕೆ ನೀಲಿ ಎಷ್ಟು ಹಾಕಿದ್ರಿ?"

"ಮದುವೆ ಅಂತ ಸ್ವಲ್ಪ ಜಾಸ್ತಿ ಹಾಕ್ದೆ" ಎಂದ ಮಾಬ್ಲ, ಕೈಯಲ್ಲಿ ಬಕೆಟ್ ಹಿಡಿದೇ.

ಇನ್ನೇನು ಬಿಳಿ ಇದೆಯೆಂದು ಅವಳು ಫೋಟೊದ ಮೂಲೆಮೂಲೆ ಹುಡುಕಿದಳು. ಮುಂದಿನ ಸಾಲಿನಲ್ಲಿ ಬೆಳ್ಳಜ್ಜಿ ಕೂತಿದ್ದಳು, ತಲೆ ಹತ್ತಿಯ ಹಾಗೆ. ಮಾದೇವಿ ಅಜ್ಜಿಯ ಕೂದಲನ್ನು ಮುಟ್ಟಿದಳು.

ಮದುವೆ ಮರಳಿ ಬಂತು. ಚಪ್ಪರದ ಮಾವಿನೆಲೆ ಹಸಿರು, ಕುಂಕುಮ ಕೆಂಪು, ಅಂಕಿತಾಳ ಕೆನ್ನೆ ಮನುಷ್ಯರ ಕೆನ್ನೆ. ಅರಿಶಿನದ ರವಿಕೆ ಅರಿಶಿನವೇ ಆಗಿತ್ತು. ಮಾದೇವಿ ಕುರ್ಚಿ ಬಿಟ್ಟೆದ್ದು ಮಗಳ ಎರಡೂ ಕೈ ಹಿಡಿದು ಗಿರ್ರೆಂದು ತಿರುಗಿಸಿದಳು. ಒಂದಕ್ಕೆ ಮಾಡಿದ್ದನ್ನು ಉಳಿದ ಫೋಟೊಗಳಿಗೂ ಒಮ್ಮೆಲೇ ಹಾಕಬಹುದೆಂದು ತಿಳಿದ ಮೇಲಂತೂ ಇಬ್ಬರೂ ಇನ್ನೊಂದು ಸುತ್ತು ಹಾಕಿದರು.

ಆ ಭಾನುವಾರ ಲ್ಯಾಪ್‌ಟಾಪನ್ನು ಅಕ್ಕನ ಮನೆಯ ಜಗಲಿಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. ಮದುವೆ ಸರಿಯಾದದ್ದು ತನ್ನ ತಲೆಯಿಂದ ಎಂದು ಕೇಳಿ ಬೆಳ್ಳಜ್ಜಿ ಸೆರಗು ಸರಿಸಿ ತಲೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. "ಎಣ್ಣೆ ಹಾಕಿದ್ರೆ ಇನ್ನೂ ಚಲೋ ಬತ್ತಿತ್ತು" ಎಂದಳು. ಧಾರೆಯ ಫೋಟೊ ಬಂದಾಗ ಧಾರೆಯ ಹಾಡು ಶುರುಮಾಡಿದಳು. ಹೆಂಗಸರು ದನಿಗೂಡಿಸಿದರು. ಹಾಡು ಮುಗಿಯುವವರೆಗೆ ಮುಂದಿನ ಫೋಟೊಗೆ ಹೋಗುವಂತಿಲ್ಲ. ಮದುವೆ ಮೊದಲ ಸಲಕ್ಕಿಂತ ಉದ್ದವಾಯಿತು.

ಅಂಗಡಿಗೆ ಸುಮ್ಮನೆ ಎಂದೂ ರಜೆ ಹಾಕದ ಮಾದೇವಿ ಮರುದಿನ ಬಾಗಿಲೆಳೆದು, ಗಂಡನ ರಿಕ್ಷಾದ ಹಿಂದೆ ಮಗಳೊಡನೆ ಕೂತು ತೆಂಗಿನಗುಂಡಿಯ ಕಡಲ ದಂಡೆಗೆ ಹೋದಳು. ದೋಣಿ, ಬಲೆ, ಏಡಿ, ಮೀನಿಗೆ ಹೊಂಚುತ್ತಿದ್ದ ಬೆಕ್ಕು, ಕಂಡದ್ದನ್ನೆಲ್ಲ ತೆಗೆದಳು. ಮಾಬ್ಲ ಮೀಸೆ ತಿರುವಿ ದೋಣಿಗೆ ಒರಗಿ ನಿಂತ. ಅಷ್ಟರಲ್ಲಿ ತೆರೆಯೊಂದು ಬಂದು ಅವನನ್ನು ಸೊಂಟದವರೆಗೆ ತೋಯಿಸಿತು.

"ಹಂಗೇ ನಿಂತ್ಕಣಿ, ಅಲ್ಲಾಡಬೇಡಿ" ಎಂದಳು ಮಾದೇವಿ. ನಗು ತಡೆಯಲಾರದೆ ಅವಳ ಕೈಯೇ ಅಲ್ಲಾಡುತ್ತಿತ್ತು.