ಕೊನೆಯ ಎರಡು ಮೆಟ್ಟಿಲು

ಆ ಬೀದಿಯಲ್ಲಿ ಅವಳ ಅಪ್ಪನಿಗೆ ಹೆಸರಿಗಿಂತ ಹೆಚ್ಚು ಚಾಲ್ತಿಯಲ್ಲಿದ್ದದ್ದು ಒಂದು ಅಂಕಿ. ಗಿಟಾರ್ ಮಾಡುವ ಅವನನ್ನು ಎಲ್ಲರೂ 'ಇಪ್ಪತ್ತೆರಡು' ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ಅಂಗಡೀಲಿದಾರಾ ಎಂದು ಯಾರಾದರೂ ವಿಚಾರಿಸಿದರೆ ಅಮ್ಮ, "ಇದಾರೆ, ಇಪ್ಪತ್ತಮೂರಾಗೋ ಲಕ್ಷಣ ಮಾತ್ರ ಕಾಣ್ತಿಲ್ಲ" ಎನ್ನುತ್ತಿದ್ದಳು.

ಎಲೆಕ್ಟ್ರಿಕ್ ಗಿಟಾರಿನ ನೆಕ್ಕಿನ, ಅಂದರೆ ಉದ್ದನೆಯ ಕತ್ತಿನ ಮೇಲೆ ಅಡ್ಡಡ್ಡ ಕೂರುವ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಅಪ್ಪನ ಬಾಯಲ್ಲಿ ಅವು ಮೆಟ್ಟಿಲು. ಬೆರಳು ಒಂದು ಮೆಟ್ಟಿಲು ಹತ್ತಿದರೆ ಸ್ವರವೂ ಒಂದು ಮೆಟ್ಟಿಲು ಏರುತ್ತದೆ. ಕೆಲವರಿಗೆ ಇಪ್ಪತ್ತೊಂದು ಸಾಕು, ಬಹಳ ಜನಕ್ಕೆ ಇಪ್ಪತ್ತೆರಡು ಒಗ್ಗುತ್ತದೆ, ಬೆರಳು ಓಡಿಸುವ ಚಪಲವಿದ್ದವರಿಗೆ ಇಪ್ಪತ್ತನಾಲ್ಕೇ ಬೇಕು. ಅಪ್ಪನ ಅಂಗಡಿಯ ಗೋಡೆಯ ಮೊಳೆಯಲ್ಲಿ ಮಾತ್ರ ಒಂದೇ ಒಂದು ಮರದ ಅಚ್ಚು ನೇತಾಡುತ್ತಿತ್ತು. ಅಲ್ಲಿ ಹುಟ್ಟಿದ ನೆಕ್ಕುಗಳೆಲ್ಲ ಅದರ ಅಂಚಿಗೆ ಪೆನ್ಸಿಲ್ ಒತ್ತಿ ಗೆರೆ ಎಳೆದೇ ಹುಟ್ಟಿದ್ದವು. ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು, ಅಪ್ಪ ಮಾಡಿದ ಗಿಟಾರಿಗೆ ಇಪ್ಪತ್ತೆರಡೇ ಮೆಟ್ಟಿಲು.

ಅವನ ಹಟಕ್ಕೂ ಕಾರಣವಿತ್ತು. ಕೊನೆಯ ಮೆಟ್ಟಿಲು ಮುಗಿದ ಕೂಡಲೇ, ತಂತಿಯ ದನಿ ಹಿಡಿಯುವ ಪಿಕಪ್ ಕೂರುತ್ತದೆ. ಅಲ್ಲಿ ದನಿ ದುಂಡಗೆ, ಮೆತ್ತಗೆ ಸಿಗುತ್ತದೆ. ಇನ್ನೆರಡು ಮೆಟ್ಟಿಲು ಬೇಕೆಂದರೆ ಆ ಪಿಕಪ್ ಜಾಗ ಬಿಡಬೇಕು. "ಅಲ್ಲಿ ತಂತಿ ಮಾತಾಡುತ್ತೆ, ಒಂದು ಬೆರಳು ಈಚೆ ತಂದ್ರೆ ಜಗಳ ಆಡುತ್ತೆ" ಎನ್ನುವುದು ಅಪ್ಪನ ತೀರ್ಮಾನ. ಅದರ ಮೇಲೆ ಅಪೀಲು ಇರಲಿಲ್ಲ.

ಮಗಳು ಹುಟ್ಟಿನಿಂದಲೇ ಸಣಕಲು. ಅಪ್ಪ ಇಟ್ಟ ಅಡ್ಡಹೆಸರು ತಂತಿ. ಮರದ ಹೊಟ್ಟಿನಲ್ಲಿ ಆಡಿ ಬೆಳೆದವಳು, ಮದುವೆಯಾಗಿ ಎರಡು ಬೀದಿ ಆಚೆ ಹೋದ ಮೇಲೂ ಶನಿವಾರ ಸಂಜೆ ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ ಒಂದು ಬ್ಯಾಂಡಿನ ಜೊತೆ ಗಿಟಾರ್ ನುಡಿಸುವುದನ್ನು ಬಿಟ್ಟಿರಲಿಲ್ಲ. ತಟ್ಟೆ ಚಮಚಗಳ ಸದ್ದಿನ ನಡುವೆ ಯಾರು ಕೇಳುತ್ತಾರೆ ಎಂದು ಬಸ್ ಓಡಿಸುವ ಗಂಡ ಚುಡಾಯಿಸಿದರೆ, "ನಿನ್ನ ಬಸ್ಸಲ್ಲಿ ನಿದ್ದೆ ಮಾಡೋರು ಊರು ಸೇರಲ್ವಾ? ಹಾಗೇ" ಎನ್ನುತ್ತಿದ್ದಳು. ವಾರವೆಲ್ಲ ಬಟ್ಟೆ, ಪಾತ್ರೆ, ಮಗುವಿನ ಜ್ವರ. ಆ ಒಂದು ಸಂಜೆ ಮಾತ್ರ ಅವಳದು. ಅದರಲ್ಲೂ ಕಡೆಯ ಹಾಡಿನ ಕೊನೆಯಲ್ಲಿ ಬರುವ ಗಿಟಾರಿನ ತುಂಡು ಪೂರ್ತಿ ಅವಳ ಸ್ವಂತದ್ದು.

ಎಡವಟ್ಟಾದದ್ದು ಅಲ್ಲೇ. ಹೊಸದಾಗಿ ಬಂದ ಗಾಯಕಿಯ ಗಂಟಲಿಗಾಗಿ ಆ ಹಾಡನ್ನು ಎರಡು ಮೆಟ್ಟಿಲು ಏರಿಸಿದರು. ಮಗಳ ತುಂಡಿನ ಕೊನೆಯ ಸ್ವರ ನೆಕ್ಕು ಮುಗಿದ ಮೇಲೆ, ಮರವೇ ಇಲ್ಲದ ಜಾಗಕ್ಕೆ ಹೋಗಿ ಕೂತಿತು. ಹಿಂದೆಯಾಗಿದ್ದರೆ ಅವಳು ಕ್ಯಾರೆ ಅನ್ನುತ್ತಿರಲಿಲ್ಲ. ಇಪ್ಪತ್ತೆರಡನೆಯ ಮೆಟ್ಟಿಲಲ್ಲಿ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ದೂಡಿ ಎಳೆದರೆ ಸ್ವರ ಎರಡು ಮೆಟ್ಟಿಲು ತಾನೇ ಏರುತ್ತದೆ. ಹಾಗೆ ಎಳೆಯುವುದರಲ್ಲಿ ಅವಳದು ಎತ್ತಿದ ಕೈ. ಈಗ ಆ ಕೈಯೇ ಕೈಕೊಟ್ಟಿತ್ತು. ಮಗುವನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಎಡಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು ಬೇರು ಬಿಟ್ಟಿತ್ತು. ಕೈಗೆ ವಿಶ್ರಾಂತಿ ಕೊಡಿ ಎಂದರು ಡಾಕ್ಟರು. ವಿಶ್ರಾಂತಿಯನ್ನು ಯಾವ ಕೈಯಲ್ಲಿ ಹಿಡಿದುಕೊಳ್ಳುವುದು, ಎರಡರಲ್ಲೂ ಮಗುವಿರುವಾಗ?

ಗಿಟಾರಿನ ಶ್ರುತಿಯನ್ನೇ ಏರಿಸಿ ನೋಡಿದಳು. ಹಿಂದಿನ ಹಾಡು ಮುಗಿದು ತಂತಿಗಳನ್ನೆಲ್ಲ ಬಿಗಿ ಮಾಡುವಷ್ಟರಲ್ಲಿ ಜನ ಕೈ ತೊಳೆದು ಎದ್ದಿದ್ದರು. ಕೀಬೋರ್ಡ್ ನುಡಿಸುವ ಬ್ಯಾಂಡಿನ ಯಜಮಾನ ಮೃದುವಾಗಿಯೇ ಹೇಳಿದ, ಈ ತಿಂಗಳೊಳಗೆ ಆ ಸ್ವರ ಬರದಿದ್ದರೆ ಆ ತುಂಡನ್ನು ತಾನೇ ಕೀಬೋರ್ಡಿನಲ್ಲಿ ಹಿಡಿದುಕೊಳ್ಳುತ್ತೇನೆ, ಅವಳು ಹಿಂದೆ ಕೂತು ಬರೀ ತಾಳಕ್ಕೆ ಮೀಟಿದರೆ ಸಾಕು ಎಂದು.

ಅಪ್ಪನ ಹತ್ತಿರ ಹೋಗಿ ತನ್ನ ಗಿಟಾರಿಗೆ ಇಪ್ಪತ್ತನಾಲ್ಕರ ನೆಕ್ಕು ಹಾಕಿಕೊಡು ಎಂದು ಕೇಳಿದಳು. ನೋವಿನ ಸುದ್ದಿ ಎತ್ತಲಿಲ್ಲ. ಬಸುರಿಯಾದಾಗಲೇ ಅವನು, ಮಗು ಶಾಲೆಗೆ ಹೋಗುವವರೆಗೆ ಇದೆಲ್ಲ ಸಾಕು ಎಂದು ಅವಳ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದ. ಇಳಿಸಿಕೊಳ್ಳಲು ಪಟ್ಟ ಪಾಡು ಅವಳಿಗೇ ಗೊತ್ತು.

ಉಜ್ಜುಗಾಗದ ಪುಡಿಯನ್ನು ಊದುತ್ತಾ ಅಪ್ಪ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ.

ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದುಬಿಟ್ಟಳು. ಗಾದೆ ಅಪ್ಪನಿಗೆ ತಮಾಷೆ. ಅವಳು ನಿಜಕ್ಕೂ ಕುಣಿಯಲಾರದವಳಾಗಿದ್ದಳು, ಉರಿದದ್ದು ಅದಕ್ಕೆ. ಆಮೇಲೆ ಹೋದಾಗಲೆಲ್ಲ ಅದೇ ವಾದ. ಆ ಎರಡು ಪಟ್ಟಿ ಯಾರಿಗೆ ಬೇಕು ಎಂದು ಅವನು, ಬೇಕಾದವರಿಗೆ ಬೇಕು ಎಂದು ಇವಳು. ಪಾಪ, ಗಿರಾಕಿಗಳು ತಂತಿ ಕೊಳ್ಳಲು ಬಂದು ಬಾಗಿಲಲ್ಲೇ ನಿಂತು ವಾಪಸಾಗುತ್ತಿದ್ದರು.

ಕಡೆಗೆ ಅಮ್ಮ ಕೈಹಾಕಿದಳು. ಬೇಳೆ ಆರಿಸುತ್ತಾ, ಯಾವ ಮುಖಭಾವವೂ ಇಲ್ಲದೆ, "ಇಪ್ಪತ್ತೆರಡರ ಮಗಳು ಬೇರೆ ಅಂಗಡೀಲಿ ಇಪ್ಪತ್ತನಾಲ್ಕು ಕೊಂಡ್ಲು ಅಂದ್ರೆ ಬೀದೀಲಿ ಹೇಗ್ರೀ ತಿರುಗಾಡ್ತೀರಿ?" ಎಂದಳು. ಅಪ್ಪ ಊಟ ಅರ್ಧಕ್ಕೆ ಬಿಟ್ಟು ಎದ್ದು ಮರ ಹುಡುಕಲು ಹೋದ.

ಮಾಡಿದ್ದನ್ನು ಮಾತ್ರ ಚೆಂದವಾಗಿ ಮಾಡಿದ. ಅಂಗೈ ಆಡಿಸಿದರೆ ಎಲ್ಲೂ ತೊಡರದ ನೆಕ್ಕು, ಒಂದೇ ಮಟ್ಟದಲ್ಲಿ ಹೊಳೆಯುವ ಇಪ್ಪತ್ತನಾಲ್ಕು ಪಟ್ಟಿ. ಮಾರನೆಯ ದಿನವೇ ಶನಿವಾರ. ಮಗುವನ್ನು ಅಮ್ಮನ ಮಡಿಲಿಗೆ ಹಾಕಿ ಅವಳು ಅಂಗಡಿಯಲ್ಲೇ ಕೂತು ಮೀಟಿದಳು. ಖಾಲಿ ತಂತಿ ಸರಿಯಿತ್ತು. ಬೆರಳು ಮೇಲೆ ಹತ್ತಿದಂತೆಲ್ಲ ಸ್ವರ ಇಳಿಯುತ್ತ, ನಡುಮಧ್ಯ ಬರುವಷ್ಟರಲ್ಲಿ ಅರ್ಧ ಮೆಟ್ಟಿಲು ಜಾರಿತ್ತು.

"ಅಪ್ಪಾ, ಇದು ಸೇರ್ತಿಲ್ಲ."

"ನಿನ್ನ ಕಿವಿ ಸೇರ್ತಿಲ್ಲ."

"ನೀನೇ ಕೇಳು ಹಾಗಾದ್ರೆ."

ಅವನು ಗಿಟಾರ್ ಕಿತ್ತುಕೊಂಡು ಮೀಟಿದ. ಮತ್ತೆ ಮೀಟಿದ. ಸ್ಕ್ರೂಡ್ರೈವರ್ ತಗೊಂಡು ತಂತಿಯ ಬುಡದ ಸ್ಕ್ರೂ ತಿರುಗಿಸಿದ. ತಿರುಗಿಸುತ್ತಲೇ ಇದ್ದ, ಸ್ಕ್ರೂ ಮುಗಿದರೂ ಸ್ವರ ಬರಲಿಲ್ಲ. ಆಗ ಅವನ ಕಣ್ಣು ಗೋಡೆಯ ಅಚ್ಚಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಎರಡು ಮೆಟ್ಟಿಲು ಹೆಚ್ಚಿಗೆ ಕೂರಿಸಿದವನು ನೆಕ್ಕಿನ ತುದಿಯನ್ನು ಮಾತ್ರ ಅಭ್ಯಾಸಬಲದಿಂದ ಎಂದಿನ ಗೆರೆಗೇ ತಂದು ನಿಲ್ಲಿಸಿದ್ದ. ಅದು ಗಿಟಾರಿನ ಒಡಲಿನಲ್ಲಿ ಇನ್ನೂ ಹೆಬ್ಬೆರಳಗಲ ಒಳಗೆ ಹೋಗಬೇಕಿತ್ತು. ಹೋಗದೆ ಉಳಿದದ್ದರಿಂದ ನೆಕ್ಕು ಅಷ್ಟೂ ಹೊರಗೆ ಚಾಚಿ, ತಂತಿ ಉದ್ದವಾಗಿ, ಒಂದು ಮೆಟ್ಟಿಲೂ ತನ್ನ ಜಾಗದಲ್ಲಿರಲಿಲ್ಲ.

"ನಾನು ಮೊದಲೇ ಹೇಳಿದ್ನಲ್ಲ, ಇಪ್ಪತ್ತನಾಲ್ಕು ಸರಿ ಬರಲ್ಲ ಅಂತ" ಎಂದ ಅಪ್ಪ.

ತಪ್ಪು ಮಾಡಿದವನೇ ಗೆದ್ದವನಂತೆ ಮಾತಾಡಿದ್ದು ಅವಳಿಗೆ ತಡೆಯಲಾಗಲಿಲ್ಲ. ಗಿಟಾರನ್ನು ತೊಡೆಗೆಳೆದುಕೊಂಡು, ಅವನ ಕಣ್ಣೆದುರಿಗೇ ಹಳೆಯ ರೀತಿಯಲ್ಲಿ ತಂತಿ ಎಳೆದಳು. ತಂತಿ ಅರ್ಧ ದಾರಿ ಹೋಯಿತು. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಕಾದ ಸರಿಗೆ ಓಡಿದಂತಾಗಿ ಬೆರಳು ತಾನಾಗಿ ಬಿಟ್ಟುಕೊಂಡಿತು.

"ನೋಡಿದ್ಯಾ? ಕೈ ಆಗ್ತಿಲ್ಲ ಅಪ್ಪ. ಮಗೂನ ಎತ್ಕೊಳ್ಳೋಕೆ ಆಗುತ್ತೆ, ಇದಕ್ಕೆ ಆಗ್ತಿಲ್ಲ. ಶೋಕಿಗೆ ಕೇಳಿದ್ದಲ್ಲ ನಾನು."

ಅಮ್ಮನ ಮಡಿಲಲ್ಲಿದ್ದ ಮಗು ಬಾಯಿಂದ ಬೆರಳು ತೆಗೆದು ತಾಯಿಯನ್ನೇ ನೋಡಿತು. ಅಪ್ಪನ ಮುಖ ಕೆಂಪಾಯಿತು. "ಇದನ್ನ ಮೊದಲು ಬೊಗಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಗಿಟಾರ್ ಅಟ್ಟ ಹತ್ತೋದು."

ಇಲ್ಲ ಎನ್ನಲು ಅಪ್ಪ ಬಾಯಿ ತೆರೆದ. ಅಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಗಿಟಾರಿನ ತಂತಿಗಳನ್ನು ಸಡಿಲಿಸತೊಡಗಿದ.

ಉಳಿದದ್ದು ಒಂದೇ ದಾರಿ. ನೆಕ್ಕನ್ನು ಹೆಬ್ಬೆರಳಗಲ ಒಳಗೆ ದೂಡಬೇಕು, ಆ ಜಾಗದಲ್ಲಿ ದುಂಡು ದನಿಯ ಪಿಕಪ್ ಕೂತಿತ್ತು. ಅಪ್ಪ ಅದರ ವೈರುಗಳನ್ನು ಬಿಡಿಸಿ, ತೆಗೆದು, ಅಂಗಿಯ ಜೇಬಿಗೆ ಹಾಕಿಕೊಂಡ. ಗಿಟಾರಿನಲ್ಲಿ ಉಳಿದದ್ದು ತಂತಿಯ ಬುಡದ ಹತ್ತಿರವಿದ್ದ, ಚೂಪು ದನಿಯ ಇನ್ನೊಂದು ಪಿಕಪ್ ಮಾತ್ರ. ಆಮೇಲೆ ಉಳಿ ಹಿಡಿದು, ತಾನೇ ಹಿಂದೊಮ್ಮೆ ಹೊಳಪು ಕೊಟ್ಟಿದ್ದ ಮರವನ್ನು ಕೆತ್ತತೊಡಗಿದ. ಸಂಜೆಯವರೆಗೂ ಉಳಿ ಕೆಳಗಿಡಲಿಲ್ಲ. ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತಿಂಗಳೆಲ್ಲ ಕಾಡಿ ಬೇಡಿ ಪಡೆದದ್ದು ಕಣ್ಣೆದುರೇ ತಯಾರಾಗುತ್ತಿರುವಾಗ, ಕೆತ್ತಿ ಬಿದ್ದ ಚೂರುಗಳನ್ನು ಗುಡಿಸುತ್ತಾ, ಎಲ್ಲರ ಮೇಲೂ ಸಿಟ್ಟು ಬಂತು, ಆ ಗಾಯಕಿಯ ಗಂಟಲಿನ ಮೇಲೂ.

ಮಾರನೆಯ ಸಂಜೆ ಕೊನೆಯ ಸ್ವರ ಬಂತು. ಎಳೆಯಲಿಲ್ಲ, ನೋವಾಗಲಿಲ್ಲ, ಬೆರಳು ಇಪ್ಪತ್ತನಾಲ್ಕನೆಯ ಮೆಟ್ಟಿಲ ಮೇಲೆ ಕೂತಿತು, ಸ್ವರ ನೆಟ್ಟಗೆ ನಿಂತಿತು. ಯಜಮಾನ ತಲೆಯಾಡಿಸಿದ. ತುಂಡು ಅವಳದಾಗಿಯೇ ಉಳಿಯಿತು. ಕಿಟಕಿಯ ಪಕ್ಕದ ಮೇಜಿನವರು ನೀರು ಕೇಳಿದರು, ಅಷ್ಟೇ.

ಮನೆಗೆ ಬಂದು ಮಗುವನ್ನು ಮಲಗಿಸಲು ಎಂದಿನ ನಿಧಾನದ ರಾಗ ನುಡಿಸಿದಳು. ದನಿ ತೆಳ್ಳಗೆ, ಚೂಪಾಗಿ ಬಂತು. ಮಗು ಹುಬ್ಬು ಗಂಟಿಕ್ಕಿ, ಇದು ನನ್ನದಲ್ಲ ಎಂಬಂತೆ ಅಳತೊಡಗಿತು. ಅಪ್ಪ ಹೇಳಿದ್ದು ನಿಜವೇ ಆಗಿತ್ತು, ತಂತಿ ಜಗಳವಾಡುತ್ತಿತ್ತು. ಅವನಿಗೆ ಮಾತ್ರ ಅದನ್ನು ಹೇಳಬಾರದೆಂದುಕೊಂಡು, ಗಿಟಾರನ್ನು ಗೋಡೆಗೆ ಒರಗಿಸಿ, ಮಗುವನ್ನು ಬಲಗೈಯಲ್ಲಿ ಎತ್ತಿಕೊಳ್ಳಲು ಹೆಣಗಿದಳು.

ಅಂಗಡಿಯ ಗೋಡೆಯಲ್ಲಿ ಇಂದಿಗೂ ಅಚ್ಚು ಒಂದೇ. ಮೊನ್ನೆ ಅವಳು ಗಿಟಾರ್ ತೆಗೆದುಕೊಂಡು ತಂತಿ ಬದಲಿಸಲು ಹೋದಾಗ ಒಬ್ಬ ಗಿರಾಕಿ ನೆಕ್ಕಿನ ಪಟ್ಟಿಗಳನ್ನು ಎಣಿಸಿ, ಇಪ್ಪತ್ತನಾಲ್ಕು ಮಾಡಲ್ಲ ಅಂತೀರಿ, ಇದೇನು ಮತ್ತೆ ಎಂದು ಕೇಳಿದ. ಅಪ್ಪ ತಲೆ ಎತ್ತಲಿಲ್ಲ.

"ಅದು ಮಗಳದ್ದು. ಅದನ್ನ ಲೆಕ್ಕಕ್ಕೆ ತಗೋಬೇಡಿ."

ಅವಳಿಗೆ ಹತ್ತು ಉತ್ತರ ನಾಲಿಗೆಗೆ ಬಂದವು. ಉಜ್ಜಲು ಬಗ್ಗಿದ್ದ ಅಪ್ಪನ ಜೇಬು ಇನ್ನೂ ಆ ಪಿಕಪ್ಪಿನ ಭಾರಕ್ಕೆ ಜೋತಾಡುತ್ತಿತ್ತು. ಹತ್ತನ್ನೂ ನುಂಗಿಕೊಂಡು, ತಂತಿ ಕೊಡು, ಹೊತ್ತಾಯಿತು ಎಂದಳು.